ಬಳೆ ಕಾರಿನ ಗೋವಿಂದಯ್ಯ

ನನ್ನ ತಮ್ಮ ಗೋವಿಂದಯ್ಯನಿಗೆ ಈಗ ಬರುವುದು ಒಂದೇ ಮಾತು. ಅದು ‘ಅಕ್ಕ’. ಹೋದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತೆಲ್ಲ ಹೋಯಿತು, ಇದೊಂದು ಉಳಿಯಿತು. ನೀರು ಬೇಕಾದರೂ ಅಕ್ಕ, ಪಂಚೆ ಒದ್ದೆಯಾದರೂ ಅಕ್ಕ, ಫ್ಯಾನು ಜೋರಾದರೂ ಅಕ್ಕ. ನೀರಿನದು ಸಣ್ಣಗೆ, ಕೊನೆ ಎಳೆದುಕೊಂಡು ಬರುತ್ತದೆ. ಒದ್ದೆಯದನ್ನು ಗೋಡೆ ಕಡೆ ತಿರುಗಿ ಹೇಳುತ್ತಾನೆ. ಕೋಪದ್ದು ಅರ್ಧ ಗಂಟಲಲ್ಲೇ ನಿಲ್ಲುತ್ತದೆ. ಬೇರೆಯವರಿಗೆ ಎಲ್ಲ ಒಂದೇ ತರ ಕೇಳಿಸುತ್ತದೆ. ನಾನು ಒಂದೊಂದನ್ನೇ ಕಲಿತುಕೊಂಡೆ.

ಗಂಡ ತೀರಿಕೊಂಡ ಮೇಲೆ ನಾನು ನಂಜನಗೂಡು ಕಡೆಯ ಹೆಡತಲೆ ಊರಿಗೆ ಬಂದು ಅವನ ಮನೆಯಲ್ಲೇ ಇದ್ದೇನೆ. ಮಗಳು ಕೋಮಲ ಚಿಕ್ಕವಳಿದ್ದಾಗಲೇ ಅವನ ಹೆಂಡತಿ ಹೋದಳು. ಹಾಗಾಗಿ ಬಹಳ ವರ್ಷ ಆ ಮನೆಯಲ್ಲಿ ಇದ್ದದ್ದು ನಾನು, ಅವನು, ಕೋಮಲ, ಮತ್ತೆ ಹಿತ್ತಲ ಶೆಡ್ಡಿನಲ್ಲಿ ಆ ಕಾರು.

ಕಾರು ಜರ್ಮನಿ ದೇಶದ್ದು. ಡಿ.ಕೆ.ಡಬ್ಲ್ಯು ಅಂತ ಹೆಸರು. ಮೂತಿಯ ಮೇಲೆ ಒಂದಕ್ಕೊಂದು ಹೆಣೆದ ನಾಲ್ಕು ಬಳೆಗಳಿವೆ, ಅದಕ್ಕೇ ಊರವರಿಗೆ ಅದು ಬಳೆ ಕಾರು. ಬಾಗಿಲು ಬೇರೆ ಕಾರುಗಳ ಹಾಗಲ್ಲ, ಹಿಂದುಮುಂದಾಗಿ ತೆರೆಯುತ್ತದೆ. ನಾವು ಹುಟ್ಟಿದ್ದು ಮೂಗೂರಿನಲ್ಲಿ. ಅಲ್ಲಿ ಅಕ್ಕಿ ಗಿರಣಿಯ ಶಂಭುಲಿಂಗಪ್ಪನವರು ಈ ಕಾರು ಇಟ್ಟಿದ್ದರು. ನಮ್ಮಪ್ಪ ಅವರ ಮನೆ ಕೆಲಸಕ್ಕಿದ್ದ. ಬೆಳಗ್ಗೆ ಕಾರು ತೊಳೆಯುವುದೂ ಅವನ ಕೆಲಸವೇ. ಹೊರಗೆಲ್ಲ ಅಪ್ಪ ತೊಳೆಯಬೇಕು. ಬಾಗಿಲು ತೆಗೆದು ಒಳಗಿನ ಸೀಟು ಒರೆಸುವುದಕ್ಕೆ ಬೇರೆಯವರು ಬರುತ್ತಿದ್ದರು. ಗೋವಿಂದ ಬಕೆಟ್ಟು ಹಿಡಿದುಕೊಂಡು ಅಪ್ಪನ ಜೊತೆ ಹೋಗುತ್ತಿದ್ದ.

ಅವನು ಐ.ಟಿ.ಐ ಓದಿ ಮೈಸೂರಿನ ಜಾವಾ ಮೋಟರ್‌ಸೈಕಲ್ ಕಾರ್ಖಾನೆ ಸೇರಿದ. ಕಾರ್ಖಾನೆ ಮುಚ್ಚಿದ ಮೇಲೆ ನಂಜನಗೂಡಿನಲ್ಲಿ ಜಾವಾ ರಿಪೇರಿ ಅಂಗಡಿ ಇಟ್ಟ. ಆ ವರ್ಷವೇ ಒಂದು ದಿನ ನನ್ನನ್ನೂ ಕರೆದುಕೊಂಡು ಮೂಗೂರಿಗೆ ಹೋದ. ಕಾರು ಕೆಟ್ಟು ಗಿರಣಿಯ ಹಿಂದೆ ನಿಂತಿತ್ತು. ಚಕ್ರ ಮಣ್ಣಿಗೆ ಇಳಿದಿತ್ತು. ಶಂಭುಲಿಂಗಪ್ಪನವರು ನಕ್ಕರು.

“ಅದನ್ನ ತಗಂಡು ಏನ್ಲಾ ಮಾಡೀಯೆ? ಕೋಳಿ ಕಾವಿಗೆ ಕೂತದೆ ಅದ್ರೊಳಗೆ.”

“ಮರಿ ಆಗೋಗಂಟ ಕಾಯ್ತೀನಿ ಸಾ.”

ಅಪ್ಪ ಅವರನ್ನು ಬುದ್ಧಿ ಎನ್ನುತ್ತಿದ್ದ. ಇವನು ಕಾರ್ಖಾನೆಯಲ್ಲಿ ಕಲಿತ ಹಾಗೆ ಸಾ ಎಂದ. ಅವರು ಅದನ್ನು ಗಮನಿಸಿದರೋ ಇಲ್ಲವೋ, ಕೊಡುತ್ತೇನೆ ಎಂದರು. ನಿಜವಾಗಿಯೂ ಮರಿ ಎದ್ದ ಮೇಲೆಯೇ ಟ್ರ್ಯಾಕ್ಟರ್ ಕಟ್ಟಿ ಎಳೆದು ತಂದ. ಶೆಡ್ಡಿಗೆ ನಿಲ್ಲಿಸಿದವನು ಬಾಗಿಲು ತೆಗೆದು, “ಕೂತ್ಕಳಕ್ಕ” ಎಂದ. ಸೀಟಿನ ಸ್ಪ್ರಿಂಗು ಮೇಲೆದ್ದಿತ್ತು, ತುಂಬ ಕೋಳಿ ಪಿಕ್ಕೆ. ನಾನು ಸೆರಗು ಮಡಿಸಿ ಹಾಕಿಕೊಂಡು ಕೂತೆ. ಅವನು ಆಚೆ ಕಡೆಯಿಂದ ಬಂದು ಪಕ್ಕ ಕೂತ.

ಆಮೇಲಿನ ವರ್ಷಗಳೆಲ್ಲ ಅದರ ಸೇವೆ. ಭಾನುವಾರ ಬಂತೆಂದರೆ ಅವನು ಕಾರಿನ ಕೆಳಗೆ. ತಗಡು ತಟ್ಟಿ, ತುಕ್ಕು ಕೆರೆದು, ಬಾಗಿಲನ್ನು ಮತ್ತೆ ಮತ್ತೆ ಕೂರಿಸಿ ನೋಡುತ್ತಿದ್ದ. ಸೀಟಿಗೆ ಬಟ್ಟೆ ನಾನೇ ಹೊಲಿದೆ. ಇಂಜಿನ್ ಬಗ್ಗೆ ಕೇಳಿದರೆ, “ಮೂರು ಜಾವಾನ ಒಟ್ಗೆ ಕಟ್ದಂಗೆ ಕಣಕ್ಕ, ಇದ್ರಲ್ಲಿ ನಂಗೊತ್ತಿಲ್ದೆ ಇರೋದೇನೈತೆ” ಎನ್ನುತ್ತಿದ್ದ. ಆದರೆ ಪಿಸ್ಟನ್ ಎಲ್ಲೂ ಸಿಗಲಿಲ್ಲ. ಕಡೆಗೆ ಕೊಯಮತ್ತೂರಿನ ಒಬ್ಬ ಮುದುಕ ಎರಕದವನು ಇವನು ಹೇಳಿದ ಅಳತೆಗೆ ಮೂರು ಪಿಸ್ಟನ್ ಹೊಯ್ದು ಕೊಟ್ಟ. ಮಾರನೆಯ ವರ್ಷ ಆ ಮುದುಕ ತೀರಿಕೊಂಡ.

ಆ ಇಂಜಿನ್ನಿಗೆ ಬರೀ ಪೆಟ್ರೋಲ್ ಆಗುವುದಿಲ್ಲ, ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಹಾಕಬೇಕು. ಒಳಗೆ ಪಿಸ್ಟನ್ ಜಾರುವುದು ಆ ಎಣ್ಣೆಯಿಂದಲೇ. ಅದನ್ನು ಬೆರೆಸುವುದು ನನ್ನ ಕೆಲಸವಾಗಿತ್ತು. ಅವನು ಅಂಗಡಿಯಿಂದ ಕ್ಯಾನಿನಲ್ಲಿ ಪೆಟ್ರೋಲ್ ತರುತ್ತಿದ್ದ. ಹತ್ತು ಲೀಟರಿಗೆ ಒಂದು ಪಾವು ಎಣ್ಣೆ. ಹಿತ್ತಲಲ್ಲಿ ಕೂತು ಪಾವಿನಲ್ಲಿ ಅಳೆದು ಸುರಿದು, ಮುಚ್ಚಳ ಹಾಕಿ ಕುಲುಕಿ ಇಡುತ್ತಿದ್ದೆ. ಕಾರು ಒಂದು ದಿನವೂ ಪೆಟ್ರೋಲ್ ಬಂಕಿಗೆ ಹೋದದ್ದಿಲ್ಲ. ಎಣ್ಣೆ ಸುಡುವುದರಿಂದ ಹಿಂದೆ ನೀಲಿ ಹೊಗೆ ಬಿಡುತ್ತಿತ್ತು. ನಮ್ಮ ಬೀದಿಯ ಶಿವಣ್ಣ ಮೂಗು ಮುಚ್ಚಿಕೊಂಡು, “ಸೊಳ್ಳೆ ಓಡ್ಸಕ್ಕೆ ಬಂದ್ರಾ ಗೋವಿಂದಣ್ಣ” ಎನ್ನುತ್ತಿದ್ದ.

“ನಿಮ್ಮನೆ ಮುಂದೆ ಇನ್ನೊಂದ್ ರೌಂಡ್ ಬತ್ತೀನಿ, ಸೊಳ್ಳೆ ಜೊತೆ ನೀನೂ ಓಗ್ಬುಡು” ಎನ್ನುತ್ತಿದ್ದ ಇವನು.

ಆ ಕಾರಿಗೆ ಇನ್ನೊಂದು ಗುಣವಿದೆ. ಆಕ್ಸಿಲರೇಟರಿನಿಂದ ಕಾಲು ಎತ್ತಿದರೆ ಇಂಜಿನ್ನು ಬೇರೆ, ಚಕ್ರ ಬೇರೆ. ತುಳಿಯುವುದು ಬಿಟ್ಟರೂ ಸೈಕಲ್ ತಾನಾಗಿ ಹೋಗುತ್ತದಲ್ಲ, ಹಾಗೆ ಹೋಗುತ್ತದೆ.

ಅವನ ಆಸೆ ಇದ್ದದ್ದು ಒಂದೇ. ಆ ಕಾರಿನಲ್ಲಿ ಮೂಗೂರಿಗೆ ಹೋಗಬೇಕು, ಅಪ್ಪ ನೀರು ಸುರಿದು ತೊಳೆಯುತ್ತಿದ್ದ ಜಾಗದಲ್ಲಿ ನಿಲ್ಲಿಸಿ ಬಾಗಿಲು ತೆಗೆದು ಇಳಿಯಬೇಕು. ಆದರೆ ಪಕ್ಕದ ದೇವನೂರಿನ ಆಚೆ ಅದನ್ನು ಓಡಿಸಲಿಲ್ಲ. “ಪಿಸ್ಟನ್ ಹೊಸ್ದು ಕಣಕ್ಕ, ಪಳಗ್ಲಿ. ಅವ್ಸರ ಮಾಡಿದ್ರೆ ಕಚ್ಕತದೆ” ಎನ್ನುತ್ತಿದ್ದ. ಪಳಗಲಿ, ಪಳಗಲಿ ಅನ್ನುತ್ತಲೇ ಲಕ್ವ ಹೊಡೆಯಿತು.

ಕೋಮಲ ಮದುವೆಯಾಗಿ ನಂಜನಗೂಡಿನಲ್ಲಿದ್ದಾಳೆ. ಗಂಡ ಸಿದ್ದು ಕಾರ್ಖಾನೆಯೊಂದರ ವ್ಯಾನಿನ ಡ್ರೈವರ್. ಬಹಳ ಒಳ್ಳೆಯ ಹುಡುಗ. ಮಾವನನ್ನು ಮಗುವಿನ ಹಾಗೆ ಎತ್ತಿ ಸ್ನಾನ ಮಾಡಿಸುತ್ತಾನೆ. ಕೈಕಾಲು ಆಡಿಸುವ ಅಭ್ಯಾಸ ಮಾಡಿಸಲು ಬರುತ್ತಿದ್ದ ಹೆಂಗಸು, ಅವರಿಗೆ ಇಷ್ಟವಾದದ್ದನ್ನು ತೋರಿಸಿ, ಇಷ್ಟವಾದ ಕಡೆ ಕರೆದುಕೊಂಡು ಹೋಗಿ, ಕೆಲವರಿಗೆ ಮಾತು ಬರುವುದುಂಟು ಎಂದಳು. ಅದನ್ನು ಕೇಳಿ ಕೋಮಲ, “ಅತ್ತೆ, ಅಪ್ಪನ್ನ ಮೂಗೂರ್ಗೆ ಕರ್ಕಂಡು ಓಗವ, ಬಳೆ ಕಾರಲ್ಲೇ” ಎಂದಳು. ಸಿದ್ದು ಬ್ಯಾಟರಿ ಬದಲಿಸಿದ. ನಾನು ಐದು ಲೀಟರ್ ಬೆರೆಸಿ ಟ್ಯಾಂಕಿಗೆ ಹಾಕಿದೆ, ಇನ್ನೊಂದು ಕ್ಯಾನು ಬೆರೆಸಿ ಡಿಕ್ಕಿಯಲ್ಲಿಟ್ಟೆ. ಕೋಮಲ ಅದನ್ನು ಚಿಕ್ಕಂದಿನಿಂದ ನೋಡಿದವಳು. ಸಿದ್ದು ಆ ಹೊತ್ತಿಗೆ ಸ್ಟೆಪ್ನಿ ಟೈರಿಗೆ ಗಾಳಿ ಹೊಡೆಸಲು ಹೋಗಿದ್ದ. ನಮ್ಮ ಮನೆಯಲ್ಲಿ ಅದು ಸಾರಿಗೆ ಉಪ್ಪು ಹಾಕಿದ ಹಾಗೆ. ಉಪ್ಪು ಹಾಕಿದೆ ಎಂದು ಯಾರೂ ಯಾರಿಗೂ ಹೇಳುವುದಿಲ್ಲ.

ಇಂಜಿನ್ ಡಗಡಗ ಎಂದಾಗ ಗೋವಿಂದನ ಮುಖ ಒಂದು ಕಡೆ ಅರಳಿತು. ಇನ್ನೊಂದು ಕಡೆ ಅರಳಲಾರದು. ಹಿಂದಿನ ಸೀಟಿನಲ್ಲಿ ನನಗೆ ಒರಗಿಸಿ ಕೂರಿಸಿದರು. ಕೋಮಲ ಮುಂದೆ ಕೂತಳು. ಡ್ಯಾಶ್‌ಬೋರ್ಡ್ ಮೇಲೆ ಅವಳು ಎಂದೋ ಅಂಟಿಸಿದ ಪುಟ್ಟ ಬುದ್ಧ ಅದುರುತ್ತಿದ್ದ.

ನರಸೀಪುರದ ಹತ್ತಿರ ಸಿದ್ದು ಒಂದು ಬಂಕಿನಲ್ಲಿ ನಿಲ್ಲಿಸಿದ. “ನೀವು ಬಾತ್ರೂಮ್‌ಗೆ ಓಗೋದಿದ್ರೆ ಓಗ್ಬನ್ನಿ ಅತ್ತೆ, ಮುಂದೆ ಎಲ್ಲೂ ಸಿಗಾಕಿಲ್ಲ” ಎಂದ. ಕೋಮಲ ನನ್ನ ಕೈ ಹಿಡಿದುಕೊಂಡು ಹೋದಳು. ಕಾಲು ನೋವು, ನಿಧಾನವಾಗಿಯೇ ಬಂದೆ. ಬಂದಾಗ ಗೋವಿಂದ ಕಿಟಕಿಗೆ ತಲೆ ಒತ್ತಿಕೊಂಡಿದ್ದ. ಎಡಗೈ ಗಾಜಿನ ಮೇಲಿತ್ತು. “ಅಕ್ಕ” ಎಂದ.

“ಇಗಾ ಬಂದ್ನಲ್ಲ” ಎಂದೆ.

ಮೂಗೂರು ರಸ್ತೆಗೆ ತಿರುಗಿದೆವು. ಅವನು ಸುಮ್ಮನಾಗಲಿಲ್ಲ. ಅಕ್ಕ, ಅಕ್ಕ, ಅಕ್ಕ. ಎಡಗೈಯಲ್ಲಿ ಮುಂದಿನ ಸೀಟನ್ನು ಬಡಿಯತೊಡಗಿದ. ಅಷ್ಟು ಬಲವಾಗಿ ಅವನು ಆ ಕೈ ಆಡಿಸಿದ್ದನ್ನು ಕಾಯಿಲೆ ಬಿದ್ದ ಮೇಲೆ ನಾವು ನೋಡಿಯೇ ಇರಲಿಲ್ಲ.

“ನೋಡತ್ತೆ, ಅಪ್ಪ ಎಂಗ್ ಬಡೀತಾವ್ನೆ” ಎಂದಳು ಕೋಮಲ. ಅವಳ ಕಣ್ಣಲ್ಲಿ ನೀರು.

“ಊರು ಅತ್ರ ಬಂತಲ್ಲ, ಗೊತ್ತಾಯ್ತದೆ ಅವ್ರ್ಗೆ” ಎಂದ ಸಿದ್ದು. “ಜೋರಾಗ್ ಓಡುಸ್ಲಾ ಮಾವ?” ಎಂದು ಇನ್ನೂ ತುಳಿದ.

ಆ ಅಕ್ಕ ನಾನು ಹಿಂದೆ ಕೇಳಿದ್ದಲ್ಲ. ನೀರಿನದಲ್ಲ, ಒದ್ದೆಯದಲ್ಲ, ಕೋಪದ್ದೂ ಅಲ್ಲ. ಖುಷಿಯದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ, ಆದ್ದರಿಂದ ಇದೇ ಇರಬೇಕು ಎಂದುಕೊಂಡೆ. ಬಡಿದು ಬಡಿದು ಕೈ ಕೆಂಪಾಗಿತ್ತು. ನೋವಾದೀತು ಎಂದು ಆ ಕೈಯನ್ನು ಹಿಡಿದು ನನ್ನ ಮಡಿಲಲ್ಲಿ ಒತ್ತಿಟ್ಟುಕೊಂಡೆ. ಅವನು ಬಿಡಿಸಿಕೊಳ್ಳಲು ನೋಡಿದ. ಆಗಲಿಲ್ಲ. ಕುತ್ತಿಗೆಯನ್ನು ಹಿಂದಕ್ಕೆ ತಿರುಗಿಸಿದ, ಹಿಂದಿನ ಗಾಜಿನ ಕಡೆಗೆ.

ನಾನೂ ತಿರುಗಿ ನೋಡಿದೆ. ರಸ್ತೆ ತೊಳೆದ ಹಾಗಿತ್ತು. ಗದ್ದೆ, ತೆಂಗು, ಹಿಂದೆ ಬರುತ್ತಿದ್ದ ಸ್ಕೂಟರಿನವನ ಮುಖ ಎಲ್ಲ ಸ್ವಚ್ಛವಾಗಿ ಕಾಣುತ್ತಿತ್ತು. ಹೊಗೆ ಇರಲಿಲ್ಲ.

“ಸಿದ್ದು, ಬಂಕಲ್ಲಿ ಏನಾಕುಸ್ದೆ?”

“ಪೆಟ್ರೋಲ್ ಅತ್ತೆ. ಫುಲ್ ಮಾಡುಸ್ಬುಟ್ಟೆ. ಪೆಟ್ರೋಲ್ ಮುಳ್ಳು ಕೆಲ್ಸ ಮಾಡಾಕಿಲ್ವಲ್ಲ, ದಾರೀಲಿ ನಿಂತೋದ್ರೆ ಮಾವನ್ನ ಎತ್ಕಂಡು ಎಲ್ಲಿಗೋಗದು.”

“ನಿಲ್ಸಪ್ಪ. ಕಾಲೆತ್ತು, ನಿಲ್ಸು.”

ಆಗ ನಾಲೆಯ ಸೇತುವೆ ದಾಟಿ ಇಳಿಜಾರಿಗೆ ಬಿದ್ದಿದ್ದೆವು. ಅವನು ಕಾಲೆತ್ತಿದ. ಇಂಜಿನ್ ಒಂದು ಸಲ ಕಿರ್ ಎಂದು ನಿಂತಿತು. ಆದರೆ ಕಾರು ನಿಲ್ಲಲಿಲ್ಲ. ಅದರ ಗುಣವೇ ಹಾಗೆ, ಇಳಿಜಾರಿನಲ್ಲಿ ತಾನಾಗಿ ಹೋಗುತ್ತಲೇ ಇತ್ತು. ಸಿದ್ದು ಬ್ರೇಕಿನ ಮೇಲೆ ಕಾಲಿಡಲಿಲ್ಲ. ಏನಾಯಿತೆಂದು ಅವನಿಗೆ ತಿಳಿದಿರಲಿಲ್ಲ. ಕಿಟಕಿಯಲ್ಲಿ ಗಾಳಿಯ ಸದ್ದು ಮಾತ್ರ. ನಾಲೆಯಲ್ಲಿ ಬಟ್ಟೆ ಒಗೆಯುವ ಸದ್ದೂ ಕೇಳಿಸಿತು. ಅಷ್ಟು ನೆಮ್ಮದಿಯಾಗಿ ಆ ಕಾರು ಎಂದೂ ಹೋಗಿರಲಿಲ್ಲ. ನನ್ನ ಮಡಿಲಲ್ಲಿದ್ದ ಗೋವಿಂದನ ಕೈ ಸಡಿಲವಾಯಿತು. ಅವನು ಅಕ್ಕ ಎನ್ನುವುದನ್ನು ನಿಲ್ಲಿಸಿದ. ಇಳಿಜಾರು ಮುಗಿದ ಕಡೆ ಹುಣಸೆ ಮರದ ಹತ್ತಿರ ಕಾರು ತಾನೇ ನಿಂತಿತು. ಮೂಗೂರಿನ ಮರಗಳು ಕಾಣುತ್ತಿದ್ದವು. ನಡೆಯುವವರಿಗೆ ಹತ್ತಿರ.

ಶಿವಣ್ಣ ಊರಿನಿಂದ ಟ್ರ್ಯಾಕ್ಟರ್ ತಂದು ಮನೆಗೆ ಎಳೆದುಕೊಂಡು ಬಂದ. ಸೊಳ್ಳೆಯ ಮಾತು ಎತ್ತಲಿಲ್ಲ.

ಕಾರ್ಖಾನೆಯಲ್ಲಿ ಇವನ ಜೊತೆ ಇದ್ದ ಹುಚ್ಚಯ್ಯ ಬಂದು ಬಿಚ್ಚಿ ನೋಡಿದ. ಎಣ್ಣೆ ಸಾಲದೆ ಪಿಸ್ಟನ್ನುಗಳು ಒಳಗೇ ಕಚ್ಚಿಕೊಂಡಿದ್ದವು. “ಗೀರಿ ಓಗವೆ ಅಕ್ಕ, ಹೊಸ್ವೇ ಬೇಕು. ಕೂರ್ಸದು ನನ್ ಕೈಲಾಗಾಕಿಲ್ಲ. ಗೋವಿಂದನ್ ಬಲಗೈ ಒಂದಿದ್ದಿದ್ರೆ…” ಎಂದು ಕೈ ಒರೆಸಿಕೊಂಡ. ಸಿದ್ದು ಊಟ ಬಿಟ್ಟು ಫೋನಿನಲ್ಲಿ ಹುಡುಕಿದ. ಎರಕ ಹೊಯ್ಯುವವರೊಬ್ಬರು ಸಿಕ್ಕಿದರು. ಅಳತೆ ಹೇಳಿ, ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಎಷ್ಟು ಸಂದು ಬಿಟ್ಟಿದ್ದರು ಹೇಳಿ ಎಂದು ಕೇಳಿದರು. ಅದು ಇದ್ದದ್ದು ಗೋವಿಂದನ ತಲೆಯಲ್ಲಿ ಮಾತ್ರ. ಸಿದ್ದು ಮಂಚದ ಹತ್ತಿರ ಕುಕ್ಕರಗಾಲಲ್ಲಿ ಕೂತು, “ಎಷ್ಟು ಬುಟ್ಟಿದ್ರಿ ಮಾವ? ಬೆಳ್ಳಲ್ಲಾದ್ರೂ ತೋರ್ಸಿ” ಎಂದ. ಗೋವಿಂದ ಬಾಯಿ ತೆರೆದ. ಬಹಳ ಹೊತ್ತು ಪ್ರಯತ್ನಪಟ್ಟ. ಅಕ್ಕ ಎಂದ. ಸಿದ್ದು ಎದ್ದು ಹಿತ್ತಲಿಗೆ ಹೋದ.

ಹೋದ ಭಾನುವಾರ ಸಿದ್ದು ಟ್ಯಾಂಕಿನ ಪೆಟ್ರೋಲನ್ನೆಲ್ಲ ಕ್ಯಾನಿಗೆ ಇಳಿಸಿದ. “ಎಂಗೆ ಕಲ್ಸದು ಅಂತ ತೋರ್ಸಿ ಅತ್ತೆ” ಎಂದ. ತಿರುಗದ ಇಂಜಿನ್ನಿಗೆ ಯಾಕಪ್ಪ ಎಂದು ನಾನು ಕೇಳಲಿಲ್ಲ. ಪಾವು ತಂದುಕೊಟ್ಟೆ. ಅವನು ತುಳುಕದ ಹಾಗೆ ಅಳೆದು ಸುರಿದ, ಮುಚ್ಚಳ ಹಾಕಿ ಕುಲುಕಿದ. ಗೋವಿಂದ ಬಾಗಿಲಲ್ಲಿ ಕುರ್ಚಿಯ ಮೇಲಿದ್ದ. ಎಲ್ಲವನ್ನೂ ನೋಡುತ್ತಿದ್ದ. ಕುಲುಕುವುದು ಮುಗಿದ ಮೇಲೆ, “ಅಕ್ಕ” ಎಂದ.

ಸಿದ್ದು ತಲೆ ಎತ್ತಲಿಲ್ಲ. “ಏನಂತಾವ್ರೆ ಮಾವ? ನನ್ನ ಬಯ್ತಾವ್ರಾ?”

“ಇಲ್ಲ ಕಣಪ್ಪ, ನೀರು ಕೇಳ್ತಾವ್ನೆ” ಎಂದೆ.

ಅದು ನೀರಿನದಾಗಿರಲಿಲ್ಲ. ಮೂಗೂರು ರಸ್ತೆಯಲ್ಲಿ ಕೇಳಿದ ಎಣ್ಣೆಯದೇ ಆಗಿತ್ತು, ಮೆಲ್ಲಗೆ ಬಂದಿತ್ತು ಅಷ್ಟೇ. ಒಳಗೆ ಹೋಗಿ ಲೋಟದಲ್ಲಿ ನೀರು ತಂದು ಬಾಯಿಗೆ ಹಿಡಿದೆ. ಗೋವಿಂದ ಲೋಟ ನೋಡಿದ, ನನ್ನನ್ನು ನೋಡಿದ. ಆಮೇಲೆ ಕುಡಿದ.