ಡಾಕ್ಟರಕ್ಕ ಕೊಟ್ಟ ಕಲ್ಲು

ಹುಣಸೆಹಣ್ಣು ನೆನೆಹಾಕಿಕೊಂಡು ಹಿತ್ತಾಳೆ ದೀಪದ ಕಂಬ ಉಜ್ಜುತ್ತಿದ್ದೆ. ಮೈಸೂರಿನಿಂದ ಫೋನ್ ಬಂತು. ಡಾಕ್ಟರಕ್ಕನ ತಮ್ಮ.

"ಅಕ್ಕ ಹೋಗ್ಬಿಟ್ರು ಮೇಡಂ. ನಿದ್ದೇಲೇ, ಹಾರ್ಟು. ಅಕ್ಕನ ಆಸ್ಪತ್ರೆ ನರ್ಸು ಅವರ ಫೋನ್ ನೋಡಿ ನಿಮ್ಮ ನಂಬರ್ ಕೊಟ್ರು. 'ತಂಗಿ' ಅಂತ ಹಾಕ್ಕೊಂಡಿದ್ರಂತೆ."

ಕಣ್ಣ ಮುಂದೆ ಮೊದಲು ಬಂದದ್ದು ಅವರ ಕೈಗಳು. ದಿನಕ್ಕೆ ಅದೆಷ್ಟು ಸಲ ತೊಳೆದಿರುತ್ತಿದ್ದರೋ, ಆರಿದ ಮುದ್ದೆ ಬಿರಿಯುವ ಹಾಗೆ ಬೆರಳಿನ ಗೆಣ್ಣುಗಳ ಮೇಲೆ ಚರ್ಮ ಬಿರಿದಿರುತ್ತಿತ್ತು. "ಕೊಬ್ಬರಿ ಎಣ್ಣೆ ಹಚ್ಕೊಳ್ಳಿ ಅಕ್ಕ" ಅಂದರೆ, "ಗ್ರ್ಯಾಂಡ್ ಕಣೇ, ಏನಾಗಿದೆ ಇದಕ್ಕೆ?" ಎನ್ನುತ್ತಿದ್ದರು. ಈ ದೇಶದವರು ಕಾಲು ಮುರಿದರೂ ಗ್ರ್ಯಾಂಡ್, ಅಂದರೆ ಆರಾಮಾಗಿದ್ದೀನಿ, ಅನ್ನುತ್ತಾರೆ. ಇಪ್ಪತ್ತು ವರ್ಷ ಇಲ್ಲಿನ ಆಸ್ಪತ್ರೆಯಲ್ಲಿ ದುಡಿದ ಅಕ್ಕನಿಗೂ ಅದು ಅಂಟಿತ್ತು.

ಕ್ಯಾಸಲ್‌ನಾಕ್ ಬಡಾವಣೆಯಲ್ಲಿ ನಮ್ಮ ಸಾಲಿನಲ್ಲೇ ಎರಡು ಬಾಗಿಲು ಆಚೆ ಅವರ ಮನೆ. ಒಬ್ಬರೇ ಇದ್ದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಡುಗೆ ಬರುತ್ತಿರಲಿಲ್ಲ. ನಾನು ವಾರಕ್ಕೆ ಮೂರು ಸಲ ಸ್ಟೀಲ್ ಕ್ಯಾರಿಯರಿನಲ್ಲಿ ಅನ್ನ, ಸಾರು, ಪಲ್ಯ ಹಾಕಿ ಅವರ ಬಾಗಿಲಲ್ಲಿ ಇಟ್ಟುಬರುತ್ತಿದ್ದೆ. ಅದು ಯಾವತ್ತೂ ಖಾಲಿ ವಾಪಸ್ಸು ಬಂದದ್ದಿಲ್ಲ. ಒಂದು ಸೇಬು, ಒಂದು ಹಿಡಿ ಸಕ್ಕರೆ. ಏನೂ ಇಲ್ಲದ ದಿನ ಒಂದೇ ಒಂದು ಟೀ ಬ್ಯಾಗು.

"ಟೀ ಬ್ಯಾಗ್ ಯಾಕಕ್ಕ?"

"ಖಾಲಿ ಕೊಟ್ರೆ ನಮ್ಮಮ್ಮ ಸ್ವರ್ಗದಿಂದ ಇಳಿದು ಬಂದು ಕಿವಿ ಹಿಂಡ್ತಾಳೆ."

"ಸ್ವರ್ಗ ನಂಬಲ್ಲ ಅಂತೀರಲ್ಲ?"

"ಸ್ವರ್ಗ ನಂಬಲ್ಲ. ನಮ್ಮಮ್ಮನ್ನ ನಂಬ್ತೀನಿ."

ದೇವರ ವಿಷಯದಲ್ಲಿ ನಾವಿಬ್ಬರೂ ಹೀಗೆ. ನಾನು ದಿನಾ ದೀಪ ಹಚ್ಚುವವಳು. ಮಗಳ ಕೆಮ್ಮು ಕಡಿಮೆಯಾದರೆ, ಬಿಸಿಲು ಬಂದು ಬಟ್ಟೆ ಒಣಗಿದರೆ, ಅದನ್ನೂ ಅವನ ಲೆಕ್ಕಕ್ಕೆ ಹಾಕುವವಳು. ಅಕ್ಕ ನನ್ನ ದೇವರ ಗೂಡಿನ ಮುಂದೆ ನಿಂತು, "ನಿನ್ನ ಈ ಆಫೀಸಲ್ಲಿ ಸ್ಟಾಫ್ ಜಾಸ್ತಿ ಆದ್ರು" ಎಂದು ನಗುತ್ತಿದ್ದರು. ಆದರೆ ಪ್ರಸಾದ ಬಿಡುತ್ತಿರಲಿಲ್ಲ.

ಲೋಕವನ್ನೆಲ್ಲ ಮುಚ್ಚಿಸಿದ ಆ ಕಾಯಿಲೆಯ ಸುದ್ದಿ ಇನ್ನೂ ಬಂದಿರದ ಡಿಸೆಂಬರಿನಲ್ಲಿ ನಾವು ರಜಕ್ಕೆ ಭಾರತಕ್ಕೆ ಹೋದಾಗ, ಅಕ್ಕನೂ ನಮ್ಮ ಜೊತೆ ರಾಜಸ್ಥಾನ ನೋಡಲು ಬಂದರು. ಮರಳುಗಾಡಿನ ನಡುವೆ ಗೈಡ್ ಒಂದು ಪಾಳು ಊರು ತೋರಿಸಿದ. ಕಣ್ಣು ಹಾಯುವವರೆಗೆ ಸೂರಿಲ್ಲದ ಮನೆಗಳು, ಎಲ್ಲವೂ ಅರಿಶಿನ ಬಣ್ಣದ ಕಲ್ಲಿನವು. ಹಿಂದೆ ಯಾವ ಕಾಲದಲ್ಲೋ ಊರಿಗೆ ಊರೇ ಒಂದೇ ರಾತ್ರಿಯಲ್ಲಿ ಎದ್ದು ಹೋಯಿತಂತೆ. ಹೋಗುವಾಗ, ಇಲ್ಲಿ ಇನ್ನು ಯಾರೂ ಒಲೆ ಹಚ್ಚಬಾರದು ಎಂದು ಶಾಪ ಹಾಕಿದರಂತೆ. ಸಂಜೆಯ ಮೇಲೆ ಹೆಂಗಸರ ಬಳೆ ಸದ್ದು ಕೇಳುತ್ತದೆ ಎಂದು ಗೈಡ್ ದನಿ ತಗ್ಗಿಸಿ ಹೇಳಿದ. "ಇಲ್ಲಿಂದ ಒಂದು ಹರಳನ್ನೂ ಒಯ್ಯಬೇಡಿ. ಅದರ ಜೊತೆ ಶಾಪವೂ ಬರುತ್ತೆ" ಎಂದ.

ನಾನು ಸೆರಗು ಹೊದ್ದು ರಾಮರಾಮಾ ಎಂದುಕೊಂಡೆ. ಅಕ್ಕ ನನ್ನ ಕೈ ಹಿಡಿದು ಒಂದು ಅಡುಗೆಮನೆಯೊಳಗೆ ಎಳೆದುಕೊಂಡು ಹೋದರು. ಮೂಲೆಯಲ್ಲಿ ಒಲೆಯ ಗುಂಡಿ, ಗೋಡೆಗೆ ಇನ್ನೂ ಮಸಿ.

"ಎಲ್ಲೇ ನಿನ್ನ ದೆವ್ವ? ಕರಿ, ಬಿಪಿ ನೋಡೋಣ."

"ಅಕ್ಕ, ಹಾಗೆಲ್ಲ ಅನ್ಬೇಡಿ. ಯಾರೋ ಬದುಕಿದ ಮನೆ."

"ಸತ್ತೋರು ಏನೂ ಮಾಡಲ್ಲ ಕಣೇ. ದಿನಾ ನೋಡ್ತೀನಲ್ಲ."

ನಾನು ಹೊರಗೆ ಬಂದೆ. ಅವರು ಸ್ವಲ್ಪ ಹೊತ್ತು ಒಳಗೇ ಇದ್ದರು. ಏನು ಮಾಡ್ತಿದ್ರಿ ಅಂದದ್ದಕ್ಕೆ, ಶೂ ಒಳಗೆ ಮರಳು ಹೋಗಿತ್ತು ಅಂದರು. ನಂಬಿದೆ. ನಂಬದೆ ಇರಲು ಏನಿತ್ತು?

ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ಮನೆಯಿಂದ ಎರಡು ಕಿಲೋಮೀಟರ್ ದಾಟುವಂತಿರಲಿಲ್ಲ. ಪೇಟೆಯ ಗ್ರ್ಯಾಂಡ್ ಕೆನಾಲ್ ಡಾಕ್ ಬಡಾವಣೆಗೆ ಕೆಲಸಕ್ಕೆ ಹೋಗುತ್ತಿದ್ದ ನಮ್ಮ ಯಜಮಾನರು ಊಟದ ಮೇಜಿನ ಮೇಲೆ ಆಫೀಸು ಹೂಡಿದರು. ಅಕ್ಕ ಮಾತ್ರ ದಿನಾ ಹೋದರು. ನಾನು ಕ್ಯಾರಿಯರ್ ಇಟ್ಟು, ಬೆಲ್ ಒತ್ತಿ, ದೂರ ನಿಲ್ಲುತ್ತಿದ್ದೆ. ಮಾಸ್ಕಿನ ಗುರುತು ಅವರ ಮೂಗಿನ ಮೇಲೆ ಗಾಯದ ಹಾಗೆ ಕಾಣುತ್ತಿತ್ತು.

ಏಪ್ರಿಲ್‌ನಲ್ಲಿ ಒಂದು ದಿನ ವಾಪಸ್ಸು ಬಂದ ಕ್ಯಾರಿಯರ್ ಭಾರವಾಗಿತ್ತು. ಕೆಳಗಿನ ಡಬ್ಬಿಯಲ್ಲಿ ಹಳದಿ ಬಟ್ಟೆಯ ಗಂಟು, ಒಳಗೆ ಮುಷ್ಟಿಗಾತ್ರದ ಒಂದು ಕಲ್ಲು. ಫೋನ್ ಮಾಡಿದೆ.

"ನಮ್ಮಮ್ಮನ ಪೂಜೇಲಿ ಇದ್ದ ಲಿಂಗ ಕಣೇ. ನಾನು ಒಂದು ಹೂವೂ ಏರಿಸಿಲ್ಲ. ನಿನ್ನ ಹತ್ರ ಇರ್ಲಿ."

ನನಗೆ ಕಣ್ಣು ತುಂಬಿಬಂತು. ಅರಿಶಿನ ಬಣ್ಣದ ಕಲ್ಲು. ಎಷ್ಟು ವರ್ಷ ಅರಿಶಿನ ಹಚ್ಚಿದ್ದರೋ ಆ ತಾಯಿ ಅಂದುಕೊಂಡೆ. ತಟ್ಟೆಯಲ್ಲಿಟ್ಟರೆ ಅಲುಗಾಡದೆ ಕೂತಿತು. ಅಂದಿನಿಂದ ದಿನಾ ಬೆಳಿಗ್ಗೆ ಅದಕ್ಕೆ ಹಾಲು, ನೀರು. ಮೊದಲ ಚೊಂಬು ಯಾವಾಗಲೂ ಅಕ್ಕನ ಹೆಸರಿಗೆ, ಆ ವಾರ್ಡಿನಿಂದ ಸುರಕ್ಷಿತವಾಗಿ ಬರಲಿ ಎಂದು. ಎರಡನೆಯದು ಊರಿನಲ್ಲಿದ್ದ ನಮ್ಮಮ್ಮನಿಗೆ. ವರ್ಷ ಕಳೆಯಿತು. ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಅಕ್ಕನಿಗೂ ಆಗಲಿಲ್ಲ. ಎಲ್ಲ ಆ ಲಿಂಗದ ದಯೆ ಅಂದುಕೊಂಡೆ.

ಮರುವರ್ಷ ಮೇ ತಿಂಗಳಲ್ಲಿ ನಮ್ಮಮ್ಮ ಆಸ್ಪತ್ರೆ ಸೇರಿದರು. ಐದು ದಿನ ನಾನು ದೇವರ ಮುಂದಿನಿಂದ ಏಳಲಿಲ್ಲ. ಆರನೆಯ ದಿನ ಅಮ್ಮ ಹೋದರು. ನನಗೆ ಹೋಗಲಾಗಲಿಲ್ಲ. ನನ್ನ ತಮ್ಮ ವೀಡಿಯೊ ಕಾಲಿನಲ್ಲಿ ತೋರಿಸಿದಷ್ಟೇ ನೋಡಿದೆ.

ಸಂಜೆ ಡಾಕ್ಟರಕ್ಕ ಬಂದು ಮೆಟ್ಟಿಲ ಕೆಳಗೆ ನಿಂತರು. ದುಃಖದಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು: "ನಿಮ್ಮಮ್ಮನ ದೇವರು ನಮ್ಮಮ್ಮನ್ನ ಉಳಿಸ್ಲಿಲ್ವಲ್ಲ ಅಕ್ಕ."

ಅವರು ಮಾಸ್ಕು ಕೆಳಗೆ ಸರಿಸಿದರು.

"ದೇವರನ್ನ ಬೈಬೇಡ ಕಣೇ. ಅದು ದೇವರಲ್ಲ. ಆ ಮರಳುಗಾಡಿನ ಊರಿಂದ ತಂದಿದ್ದು. ಪೇಪರ್ ಮೇಲಿಡೋಕೆ ಚೆನ್ನಾಗಿದೆ ಅಂತ ಎತ್ಕೊಂಡೆ."

"ಮತ್ತೆ ನಿಮ್ಮಮ್ಮನ ಲಿಂಗ ಅಂದ್ರಿ?"

"ನಮ್ಮ ವಾರ್ಡಲ್ಲಿ ಮೂರನೇ ನರ್ಸು ಮಲಗಿದ ದಿನ ಆ ಗೈಡಿನ ಮಾತು ತಲೇಲಿ ಕೂತ್ಬಿಡ್ತು. ಮನೇಲಿಟ್ಕೊಳ್ಳೋಕೆ ಆಗ್ಲಿಲ್ಲ. ಎಸೆಯೋಕೂ ಕೈ ಬರ್ಲಿಲ್ಲ. ನಿನ್ನ ದೇವರ ಮುಂದೆ ಅದರ ಆಟ ನಡೆಯಲ್ಲ ಅನ್ನಿಸ್ತು."

"ದೆವ್ವ ಇಲ್ಲ ಅಂದೋರು ನೀವು."

"ಇಲ್ಲ ಕಣೇ. ಇಲ್ಲ ಅಂತ ಗೊತ್ತು. ಆದ್ರೂ..."

"ಮಗು ಇರೋ ಮನೆ, ಅಕ್ಕ."

ನಾನು ಬಾಗಿಲು ಹಾಕಿಕೊಂಡೆ.

ನಮ್ಮ ಯಜಮಾನರು ಸಮಾಧಾನ ಮಾಡಿದರು. "ಕಲ್ಲಿಂದ ಯಾರಾದ್ರೂ ಸಾಯ್ತಾರೇನೆ? ಓದಿದೋಳು ನೀನು."

"ಕಲ್ಲಿಂದ ಸಾಯಲ್ಲ, ನನಗೂ ಗೊತ್ತು. ಆದ್ರೆ ಏನಾದ್ರೂ ಆಗ್ಬಹುದು ಅಂತ ಹೆದರಿಕೊಂಡೇ ತಾನೇ ನನ್ನ ಮನೆಗೆ ಕಳ್ಸಿದ್ದು? ಅದಕ್ಕೇನು ಹೇಳ್ತೀರಿ?"

ಅವರು ಲ್ಯಾಪ್‌ಟಾಪ್ ತೆರೆದರು.

ಮೋಸ ಯಾವ ಪಾತ್ರೆಯಲ್ಲಿ ಬಂತು ನೋಡಿ. ನಾನು ಊಟ ಕಳಿಸಿದ ಕ್ಯಾರಿಯರಿನಲ್ಲೇ, ಅವರ ತಾಯಿಯ ಹೆಸರು ಹೊತ್ತುಕೊಂಡು. ಅದರ ಮೇಲೆ ನಾನು ಸುರಿದ ಮೊದಲ ಚೊಂಬು ಅವರಿಗಾಗಿಯೇ. ಕಲ್ಲನ್ನು ಗೂಡಿನಿಂದ ತೆಗೆದು ಹಿತ್ತಲಿನ ನಲ್ಲಿಯ ಪಕ್ಕ ಬಕೆಟ್ಟು ಬೋರಲು ಹಾಕಿ ಮುಚ್ಚಿದೆ. ಎಸೆಯಲು ನನಗೂ ಕೈ ಬರಲಿಲ್ಲ. ಊಟ ಕಳಿಸುವುದನ್ನು ನಿಲ್ಲಿಸಿದೆ.

ಎರಡು ವಾರದ ಮೇಲೆ ಬಾಗಿಲಲ್ಲಿ ಒಂದು ಹೊಸ ಡಬ್ಬಿ. ಒಳಗೆ ತಳ ಹಿಡಿದ ಕೇಸರಿಬಾತು. ಒಲೆ ಹಚ್ಚದ ಅಕ್ಕ ಕೈಯಾರೆ ಮಾಡಿದ್ದು. ಅನ್ನಕ್ಕೆ ಅವಮಾನ ಮಾಡಬಾರದು. ಯಜಮಾನರೂ ಮಗಳೂ ತಿಂದರು. ನಾನು ಮುಟ್ಟಲಿಲ್ಲ. ಡಬ್ಬಿ ತೊಳೆದೆ, ಒರೆಸಿದೆ. ಸಕ್ಕರೆ ಡಬ್ಬ ಕೈಯಳತೆಯಲ್ಲೇ ಇತ್ತು. ಹಾಕಲಿಲ್ಲ. ಖಾಲಿ ಡಬ್ಬಿಯನ್ನು ಅವರ ಬಾಗಿಲಲ್ಲಿ ಇಟ್ಟು, ನಮ್ಮ ಕಿಟಕಿಯಿಂದ ನೋಡುತ್ತ ನಿಂತೆ. ಡ್ಯೂಟಿಯಿಂದ ಬಂದವರು ಬಗ್ಗಿ ಎತ್ತಿಕೊಂಡರು. ಮುಚ್ಚಳ ತೆಗೆದು ನೋಡಿದರು. ಮತ್ತೆ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದರು.

ಆಗಸ್ಟಿನಲ್ಲಿ ದೂರದ ಕಾರ್ಕ್ ಊರಿನ ಆಸ್ಪತ್ರೆಗೆ ಕೆಲಸ ಬದಲಿಸಿಕೊಂಡು ಹೋದರು. ಹೊರಟ ದಿನ ನಾನು ಹೊರಗೆ ಬರಲಿಲ್ಲ. ಮಗಳು ಹೋಗಿ ಬೀಳ್ಕೊಟ್ಟು ಬಂದು, "ಆಂಟಿ ಸೆಡ್ ಟು ಟೆಲ್ ಯೂ ಶಿ ಈಸ್ ಗ್ರ್ಯಾಂಡ್" ಅಂದಳು. ನಾನು ಕೇಳಿಸದವಳ ಹಾಗೆ ಚಪಾತಿ ಲಟ್ಟಿಸಿದೆ.

ಈಗ ಈ ಫೋನು. ಅವರ ತಮ್ಮನಿಗೆ ಏನೇನು ಹೇಳಿದೆನೋ ನೆನಪಿಲ್ಲ. ಇಟ್ಟಮೇಲೆ ಹುಣಸೆ ಕೈಯಲ್ಲೇ ಹಿತ್ತಲಿಗೆ ಹೋಗಿ ಬಕೆಟ್ಟು ಎತ್ತಿದೆ. ಕಲ್ಲಿಗೆ ಪಾಚಿ ಹತ್ತಿತ್ತು. ನಲ್ಲಿಯ ಕೆಳಗೆ ಹಿಡಿದು ತಿಕ್ಕಿದೆ. ಒಂದು ವರ್ಷ ಪೂಜೆ ಮಾಡಿದ ಕಲ್ಲನ್ನು ಪಾತ್ರೆ ತಿಕ್ಕುವ ಹಾಗೆ ತಿಕ್ಕಿದ್ದು ಅದೇ ಮೊದಲು. ಕೆಳಭಾಗ ಬೆರಳಿಗೆ ನುಣ್ಣಗೆ ಸಿಕ್ಕಿತು, ಸಪಾಟು. ಅಲುಗಾಡದೆ ಕೂರುತ್ತಿದ್ದದ್ದು ಅದಕ್ಕೇ. ಇನ್ನೊಂದು ಕಡೆ ಅಂಗೈ ಹಿಡಿತಕ್ಕೆ ಸರಿಯಾಗಿ ಸವೆದಿತ್ತು. ಅಡುಗೆಮನೆಯಲ್ಲಿ ಬದುಕು ಕಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅರೆಯುವ ಕಲ್ಲು ಅದು. ಆ ಒಲೆಯ ಪಕ್ಕ ಕೂತು ಯಾವಳೋ ಗೃಹಿಣಿ ಅರೆದು ಅರೆದು ಸವೆಸಿದ್ದು. ಹೊರಟ ರಾತ್ರಿ ಭಾರವೆಂದು ಬಿಟ್ಟುಹೋಗಿರಬೇಕು.

ಅಕ್ಕನ ಮೇಲಿನ ಸಿಟ್ಟು ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಮಗಳಿದ್ದ ಮನೆಗೆ ತಮ್ಮ ಭಯವನ್ನು ಬಟ್ಟೆಯಲ್ಲಿ ಕಟ್ಟಿ ಕಳಿಸಿದವರು ಅವರು. ಆದರೆ ಅವರ ಕಡೆಯ ಡಬ್ಬಿಯನ್ನು ಖಾಲಿ ಮರಳಿಸಿದವಳು ನಾನು. ಅದನ್ನು ತುಂಬಿಕೊಡಲು ಈಗ ಬಾಗಿಲೇ ಇಲ್ಲ.

ವಿಮಾನಗಳು ಸರಿಯಾಗಿ ಓಡಲಿ. ಈ ಕಲ್ಲನ್ನು ತೆಗೆದುಕೊಂಡು ಹೋಗಿ ಅದೇ ಒಲೆಯ ಪಕ್ಕ ಇಟ್ಟುಬರುತ್ತೇನೆ. ಅಕ್ಕ ಮಾಡಬೇಕಿದ್ದ ಕೆಲಸ, ತಂಗಿಯ ಪಾಲಿಗೆ ಬಂದಿದೆ. ಅಷ್ಟಾದರೂ ಉಳಿಸಿಹೋದರಲ್ಲ, ಅದೂ ಒಂದು ದಯೆ ಎಂದೇ ಲೆಕ್ಕ ಹಾಕಿಕೊಂಡಿದ್ದೇನೆ.

ಕಲ್ಲನ್ನು ಒರೆಸಿ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿಟ್ಟೆ. ಮೇಲೆ ಒಂದು ಹಿಡಿ ಸಕ್ಕರೆ ಹಾಕಿ ಮುಚ್ಚಿದೆ. ಆಮೇಲೆ ಸಿಂಕಿಗೆ ಬಂದೆ. ಎರಡನೆಯ ದೀಪದ ಕಂಬಕ್ಕೆ ಹಚ್ಚಿದ ಹುಣಸೆ ಒಣಗಿಹೋಗಿತ್ತು. ಮತ್ತೆ ನೀರು ಚಿಮುಕಿಸಿ ಉಜ್ಜತೊಡಗಿದೆ.