ಕೊರತೆಯಿಲ್ಲದ ಊರು

ಚೆನ್ನೈನ ಪಲ್ಲಾವರಂನಲ್ಲಿ ನಮ್ಮ ಎದುರು ಫ್ಲ್ಯಾಟಿನ ಅಂಬುಜಾಕ್ಷಿ ಮಾಮಿ ರೈಲ್ವೆಯಿಂದ ನಿವೃತ್ತರಾದವರು, ಒಂಟಿ. ಕೊರತೆಯೇ ಇಲ್ಲದ ಊರೊಂದರ ಕಾದಂಬರಿ ಬರೆಯುತ್ತಿದ್ದರು. "ಎಲ್ಲಾ ಕೊಟ್ಟಿದೀನಿ ಕಣೇ, ಆದ್ರೂ ಆ ಜನ ಸಪ್ಪಗೇ ಇದಾರೆ," ಎಂದು ಕೊರಗುತ್ತಿದ್ದರು.

ಒಂದು ಸಂಜೆ ನನ್ನ ಮಗುವಿಗೆ ಹೊಟ್ಟೆ ಕೆಟ್ಟಿತ್ತು. ಬೆಳಿಗ್ಗೆಗೆ ಮೊಸರು ಬೇಕು, ಹೆಪ್ಪಿಗೂ ಮನೆಯಲ್ಲಿ ಮೊಸರಿರಲಿಲ್ಲ. ದೀಪ ಹಚ್ಚಿದ ಮೇಲೆ ಮಾಮಿ ಮೊಸರು ಕೊಡುವುದಿಲ್ಲವೆಂದು ಗೊತ್ತಿದ್ದೂ, ಮಗುವನ್ನೆತ್ತಿಕೊಂಡು ಅಳುಕುತ್ತಲೇ ಬಾಗಿಲು ತಟ್ಟಿದೆ.

"ಮಾಮಿ, ದೀಪ ಹಚ್ಚಾಯ್ತಲ್ವಾ? ಸ್ವಲ್ಪ ಹೆಪ್ಪು..."

"ದೇವರು ಬೈದ್ರೆ ನನ್ನ ಬೈಲಿ. ಒಳಗ್ ಬಾಮ್ಮ!"

ಬಟ್ಟಲಿಗೆ ಮೊಸರು ಹಾಕಿಟ್ಟು ಮಗುವನ್ನು ಎತ್ತಿಕೊಂಡರು. ಬಹಳ ಹೊತ್ತು ಕೆಳಗಿಳಿಸಲಿಲ್ಲ.

"ನನ್ನ ಕತೆ ಊರಲ್ಲಿ ಯಾರಿಗೂ ಏನೂ ಬೇಡ. ಅದಕ್ಕೇ ಯಾರೂ ಯಾರ ಬಾಗಿಲೂ ತಟ್ಟಲ್ಲ ನೋಡು," ಎಂದರು.

ನಾನು ಹೊರಟಾಗ ಮೆಲ್ಲಗೆ ಕೇಳಿದರು: "ನಾಳೆಗೆ ಹೆಪ್ಪು ಉಳಿಸ್ಕೋಬೇಡ, ಆಯ್ತಾ?"