ಯುದ್ಧಕವಚ ತೊಟ್ಟ ಶ್ಯಾಮಲಮ್ಮ

ಮೇಲೂರಿನ ಶ್ಯಾಮಲಮ್ಮ ಶಿಡ್ಲಘಟ್ಟದಲ್ಲಿ ಹೆಂಗಸರಿಗೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವುದನ್ನು ಕಲಿಸುತ್ತಿದ್ದವರು. ಆಳು ಗಿಡ್ಡ, ಮಾತು ಉದ್ದ. ಬಿಸಿನೀರಿನ ಬಾಣಲೆಯ ಮುಂದೆ ಕೂತು ಕೈಯನ್ನೂ ಬಾಯನ್ನೂ ಒಟ್ಟಿಗೆ ಆಡಿಸುತ್ತ, ಎಂಥ ಮೊಂಡು ಗೂಡಿನಿಂದಲೂ ಎಳೆ ಹುಡುಕಿ ತೆಗೆಯುತ್ತಿದ್ದರು. ೧೯೬೪ರಲ್ಲಿ ರೇಷ್ಮೆ ಇಲಾಖೆ ಒಂದು ತಂಡವನ್ನು ತರಬೇತಿಗೆಂದು ಜಪಾನಿಗೆ ಕಳಿಸಿದಾಗ ಅದರಲ್ಲಿ ಇವರ ಹೆಸರೂ ಇತ್ತು. ಮನೆಯಲ್ಲಿ ಹುಳು ಸಾಕುತ್ತಿದ್ದ ಅತ್ತೆ ಮುನಿಗಂಗಮ್ಮ ಅಳಲಿಲ್ಲ, ತಡೆಯಲೂ ಇಲ್ಲ. ಅಲ್ಲಿ ಹಸಿ ಮೀನು ತಿಂತಾರಂತೆ ಎಂದು ರಾಗಿ ಹುರಿಹಿಟ್ಟಿನ ಡಬ್ಬಿಯೊಂದನ್ನು ಟ್ರಂಕಿಗೆ ತುರುಕಿದರು.

ತಂಡದ ಹಿರಿಯರು ಚಿಂತಾಮಣಿಯ ರೇಷ್ಮೆ ಇನ್‌ಸ್ಪೆಕ್ಟರ್ ಕೋನಪ್ಪನವರು. ಎತ್ತರದ ಮೈಕಟ್ಟು, ಗಿರಿಜಾ ಮೀಸೆ. ತರಬೇತಿ ಮುಗಿಯುತ್ತ ಬಂದಾಗ ಕುಮಾಮೊಟೊ ಎಂಬ ಊರಿನವರು ಒಂದು ಹಳೆಯ ಉದ್ಯಾನದಲ್ಲಿ ಇವರಿಗೆ ಸಂಜೆಯ ಸತ್ಕಾರ ಇಟ್ಟುಕೊಂಡರು. ಕೊಳದ ಸುತ್ತ ಕಾಗದದ ದೀಪಗಳು, ಕುಳ್ಳ ಮರಗಳ ಬುಡದಲ್ಲೂ ದೀಪ. ನೀರಿನೊಳಗೆ ಇನ್ನೊಂದು ತೋಟ ತಲೆಕೆಳಗಾಗಿ ಬೆಳಗುತ್ತಿತ್ತು. ಒಂದು ಚಪ್ಪರದಡಿ ಸಮುರಾಯಿಗಳ, ಅಂದರೆ ಅಲ್ಲಿನ ಹಿಂದಿನ ಕಾಲದ ಯೋಧರ, ಕವಚವಿಟ್ಟಿದ್ದರು. ಅತಿಥಿಗಳು ತೊಟ್ಟು ನೋಡಬಹುದು ಎಂದರು.

ಕೋನಪ್ಪನವರು ಮೀಸೆ ತೀಡಿಕೊಂಡು ಮುಂದೆ ಹೋದರು. ಎದೆಯ ತಗಡು ಹೊಟ್ಟೆಯ ಮೇಲೆ ನಿಂತುಬಿಟ್ಟಿತು. ಇಬ್ಬರು ಎರಡೂ ಕಡೆಯಿಂದ ಎಳೆದರೂ ದಾರದ ತುದಿಗಳು ಒಂದನ್ನೊಂದು ಮುಟ್ಟಲಿಲ್ಲ. ಕವಚ ತೊಡಿಸುವವನು ತಲೆಬಾಗಿ ಕ್ಷಮೆ ಕೇಳಿ, ತಂಡವನ್ನೊಮ್ಮೆ ಕಣ್ಣಲ್ಲೇ ಅಳೆದು, ಶ್ಯಾಮಲಮ್ಮನ ಕಡೆ ಕೈ ತೋರಿಸಿದ.

ಅವರು ಬೇಡ ಅನ್ನಲಿಲ್ಲ. ಸೆರಗು ಬಿಗಿದು ನಿಂತರು. ಕಬ್ಬಿಣದ ಪಟ್ಟಿಗಳನ್ನು ಹೆಣೆದಿದ್ದ ದಾರ ಮುಟ್ಟಿ ನೋಡಿದರೆ, ರೇಷ್ಮೆ.

‘ನೋಡಿ ಸಾರ್, ಯುದ್ಧಕ್ಕೂ ನಮ್ಮ ಹುಳಾನೇ ಬೇಕು’ ಎಂದು ಕೋನಪ್ಪನವರಿಗೆ ಹೇಳಿದರು.

ತುರುಬಿನಿಂದಾಗಿ ಕೊಂಬಿನ ಶಿರಸ್ತ್ರಾಣ ಸರಿಯಾಗಿ ಕೂರದೆ ಓರೆಯಾಯಿತು. ಹಾಗೇ ಇರಲಿ ಎಂದು, ಕವಚದ ಕೆಳಗೆ ಸೀರೆಯ ನೆರಿಗೆ ಚಿಮ್ಮುತ್ತ ಕೊಳದ ದಂಡೆಯಲ್ಲಿ ಒಂದು ಸುತ್ತು ಬಂದರು. ಎದುರಾದ ಜಪಾನಿ ಅಜ್ಜಿಯೊಬ್ಬರು ಸೊಂಟ ಬಗ್ಗಿಸಿ ವಂದಿಸಿದರು. ಇವರೂ ಬಗ್ಗಿದರು, ಶಿರಸ್ತ್ರಾಣ ಮೂಗಿನ ಮೇಲೆ ಜಾರಿತು. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ತಾವೇ ಅದನ್ನು ಎತ್ತಿ ಕೂರಿಸಿದರು.

ಪಕ್ಕದ ಚಾಪೆಯ ಮೇಲೆ ಮುದುಕರೊಬ್ಬರು ಕಬ್ಬಿಣದ ಬಿಲ್ಲೆಗಳಿಗೆ ಬೆಳ್ಳಿ ತಂತಿ ಕೂರಿಸುತ್ತಿದ್ದರು. ಹಿಂದೆ ಕತ್ತಿಗಳ ಅಲಂಕಾರಕ್ಕೆ ಮಾಡುತ್ತಿದ್ದ ಕೆಲಸವಂತೆ. ಉಳಿಯಿಂದ ನವಿರಾಗಿ ಗೀರಿದ ಕಬ್ಬಿಣದ ಮೇಲೆ ತಂತಿಯಿಟ್ಟು ಮೆಲ್ಲಗೆ ತಟ್ಟಿದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಮಾಡಿ ನೋಡಿ ಎಂದು ತಂಡದವರಿಗೂ ಒಂದೊಂದು ಬಿಲ್ಲೆ ಕೊಟ್ಟರು. ಶ್ಯಾಮಲಮ್ಮ ಕವಚ ಬಿಚ್ಚಿಟ್ಟು ಸುತ್ತಿಗೆ ಹಿಡಿದರು. ಮೊದಲ ಏಟು ಹೆಬ್ಬೆರಳಿಗೆ. ಎರಡನೆಯದಕ್ಕೆ ತಂತಿ ಹಾರಿ ಕೋನಪ್ಪನವರ ಟೀ ಬಟ್ಟಲಿಗೆ ಬಿತ್ತು. ಆಮೇಲೆ ಕೈ ಕುದುರಿತು. ಉಳಿದವರೆಲ್ಲ ಹೂವು ಮಾಡಿದರೆ ಇವರು ರೇಷ್ಮೆಹುಳು ಮಾಡಿದರು. ಮುದುಕರು ಗುರುತು ಹಿಡಿದು, ತೋರುಬೆರಳನ್ನು ಹುಳುವಿನಂತೆ ಹರಿಸಿ ತೋರಿಸಿದರು. ಇಬ್ಬರಿಗೂ ಅಷ್ಟು ಮಾತು ಸಾಕಾಯಿತು. ಬಿಲ್ಲೆಗೆ ತುಕ್ಕು ಹಿಡಿಸಿ, ಕಪ್ಪಾಗಲೆಂದು ಟೀಯಲ್ಲಿ ಕುದಿಸುವ ಕೆಲಸ ಬಾಕಿಯಿತ್ತು. ಅದನ್ನು ಮುದುಕರೇ ಮುಗಿಸಿ, ತಂಡ ಹೊರಡುವ ಮುಂಚೆ ಹೋಟೆಲಿಗೆ ತಲುಪಿಸಿದರು.

ಮೇಲೂರಿಗೆ ಬಂದು ಬಿಲ್ಲೆ ಕೈಗಿಟ್ಟಾಗ ಮುನಿಗಂಗಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ‘ಇದ್ಯಾವ ದೇವ್ರಮ್ಮಾ?’ ಎಂದರು.

‘ದೇವ್ರಲ್ಲ ಅತ್ತೆ, ಹುಳ.’

‘ನಮಗೆ ಅನ್ನ ಹಾಕ್ತಿರೋದು ಯಾರು ಮತ್ತೆ?’ ಎಂದ ಅತ್ತೆ ಅದನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿಯೇಬಿಟ್ಟರು.

ಶ್ಯಾಮಲಮ್ಮ ಬಹಳ ದಿನ ನಗಾಡಿದರು. ಆದರೆ ಮನೆಗೆ ತಂದ ಹೊಸ ಮೊಟ್ಟೆಗಳೊಡೆದು ಹುಳು ಹೊರಬರುವ ದಿನ, ಯಾರೂ ಹೇಳದಿದ್ದರೂ, ಅದರ ಮುಂದೆ ತಾವೇ ಒಂದು ಊದುಬತ್ತಿ ಹಚ್ಚುತ್ತಿದ್ದರು.